ಪಶುವೈದ್ಯ ಕಾಲೇಜಿಗೆ ಕಳೇಬರ ಎಲ್ಲಿಂದ ಬರಬೇಕು?

ಕಾಲೇಜುಗಳಲ್ಲಿ ಪ್ರಾಣಿ ಕುಯ್ಯುವುದನ್ನು ನಿಲ್ಲಿಸಿ ಹತ್ತು ವರ್ಷದ ಮೇಲಾಯಿತು ಅಲ್ವಾ? ಹಾಗಿದ್ದ ಮೇಲೆ ಪಶುವೈದ್ಯ ಕಾಲೇಜಿನ ಡಿಸೆಕ್ಷನ್ ಹಾಲ್‌ನಲ್ಲಿ ಇನ್ನೂ ಎಮ್ಮೆಕರು ಯಾಕೆ ಮಲಗಿದೆ? ಕರ್ನಾಟಕದಲ್ಲಿ ಗೋಹತ್ಯೆ ನಿಷೇಧದ ಕಾಯ್ದೆ ಬೇರೆ ಇದೆ. ಅದು ಕಾಲೇಜಿಗೆ ಅನ್ವಯಿಸುವುದಿಲ್ಲವೇ? ಬೀದಿನಾಯಿಗಳ ಬಗ್ಗೆ ಸುಪ್ರೀಂ ಕೋರ್ಟ್ 2025ರಲ್ಲಿ ಒಂದರ ಹಿಂದೊಂದು ಆದೇಶ ಕೊಟ್ಟ ಮೇಲೆ ಇನ್ನೊಂದು ಪ್ರಶ್ನೆಯೂ ಏಳುತ್ತದೆ. ಆಶ್ರಯ ಕೇಂದ್ರಗಳಲ್ಲಿ ಸಾಯುವ ನಾಯಿಗಳ ದೇಹವನ್ನು ವಿದ್ಯಾರ್ಥಿಗಳ ಕಲಿಕೆಗೆ ಕೊಡಬಹುದಲ್ಲ?

ಇವೆಲ್ಲ ಒಂದೇ ವಿಷಯದಂತೆ ಕಾಣುತ್ತವೆ. ಆದರೆ ಇಲ್ಲಿ ಎರಡು ಬೇರೆ ಪ್ರಶ್ನೆಗಳು ಗಂಟು ಬಿದ್ದಿವೆ. ಪಶುವೈದ್ಯ ಆಗುವವರು ಪ್ರಾಣಿಯ ದೇಹ ಬಿಡಿಸಿ ಕಲಿಯಬೇಕೇ ಬೇಡವೇ ಎನ್ನುವುದು ಒಂದು. ಆ ದೇಹ ಎಲ್ಲಿಂದ ಬರಬೇಕು ಎನ್ನುವುದು ಇನ್ನೊಂದು. ಜಗಳ ಜಾಸ್ತಿ ನಡೆಯುವುದು ಮೊದಲನೆಯದರ ಮೇಲೆ. ನಿಜವಾದ ತೊಡಕು ಇರುವುದು ಎರಡನೆಯದರಲ್ಲಿ.

ನಿಷೇಧವಾದದ್ದು ಯಾವುದು?

ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2011ರಲ್ಲಿ ಮಾರ್ಗಸೂಚಿ ಹೊರಡಿಸಿ ಪ್ರಾಣಿಶಾಸ್ತ್ರ ಮತ್ತು ಜೀವವಿಜ್ಞಾನದ ಕೋರ್ಸುಗಳಲ್ಲಿ ಡಿಸೆಕ್ಷನ್ ಕಡಿಮೆ ಮಾಡಿ ಎಂದಿತು. 2014ರಲ್ಲಿ ಇನ್ನೂ ಗಟ್ಟಿಯಾಗಿ, ನಿಲ್ಲಿಸಿಯೇ ಬಿಡಿ ಎಂದಿತು. ಕಪ್ಪೆ, ಜಿರಳೆ, ಮೀನು ಕುಯ್ಯುತ್ತಿದ್ದ ಬಿಎಸ್ಸಿ ಪ್ರಯೋಗಾಲಯಗಳು ಬದಲಾಗಿದ್ದು ಆಗ. ಅದರ ಹಿಂದಿನ ವಾದ ಸರಳ. ಪ್ರಾಣಿಶಾಸ್ತ್ರ ಓದಿದ ಬಹುಪಾಲು ಮಂದಿ ಮುಂದೆ ಯಾವ ಕಪ್ಪೆಗೂ ಆಪರೇಷನ್ ಮಾಡುವುದಿಲ್ಲ. ಹಾಗಿದ್ದಾಗ ಲಕ್ಷಗಟ್ಟಲೆ ಜೀವ ಯಾಕೆ ತೆಗೆಯಬೇಕು?

ಪಶುವೈದ್ಯ ಶಿಕ್ಷಣದ ಪಾಠಪಟ್ಟಿ ಯುಜಿಸಿಯ ಕೈಯಲ್ಲಿಲ್ಲ. ಅದನ್ನು ನೋಡಿಕೊಳ್ಳುವುದು 1984ರ ಕಾಯ್ದೆಯಡಿ ಬಂದ ಭಾರತೀಯ ಪಶುವೈದ್ಯಕೀಯ ಪರಿಷತ್ತು. ಐದೂವರೆ ವರ್ಷದ ಬಿವಿಎಸ್ಸಿ ಕೋರ್ಸಿನ ಮೊದಲ ವರ್ಷದಲ್ಲೇ ಅಂಗರಚನಾ ಶಾಸ್ತ್ರ ಬರುತ್ತದೆ. ದನ ಅಥವಾ ಎಮ್ಮೆಯ ದೇಹವನ್ನು ಮಾದರಿಯಾಗಿ ಇಟ್ಟುಕೊಂಡು, ಕುದುರೆ, ನಾಯಿ, ಹಂದಿ, ಕೋಳಿಗಳ ದೇಹ ಅದಕ್ಕಿಂತ ಎಲ್ಲಿ ಬೇರೆ ಎಂದು ಹೋಲಿಸಿ ಕಲಿಸುತ್ತಾರೆ. ಈ ಪಾಠಕ್ಕೆ ಯುಜಿಸಿ ನಿಷೇಧ ತಾಗುವುದಿಲ್ಲ.

ಹಾಗಂತ ಪಶುವೈದ್ಯ ಕಾಲೇಜು ಏನು ಬೇಕಾದರೂ ಮಾಡಬಹುದು ಎಂದೇನಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 17ನೇ ಸೆಕ್ಷನ್ ಒಂದು ಮಾತು ಹೇಳುತ್ತದೆ. ಪುಸ್ತಕ, ಮಾದರಿ, ಫಿಲಂನಂಥ ಸಾಧನಗಳಿಂದಲೇ ಅಷ್ಟೇ ಚೆನ್ನಾಗಿ ಕಲಿಸಲು ಆಗುವುದಾದರೆ, ಪ್ರಾಣಿಗಳ ಮೇಲಿನ ಪ್ರಯೋಗವನ್ನು ಬಿಡಬೇಕು. ಎಲ್ಲ ವಾದವೂ ನಿಂತಿರುವುದು ಆ ‘ಅಷ್ಟೇ ಚೆನ್ನಾಗಿ’ ಎನ್ನುವ ಮಾತಿನ ಮೇಲೆ.

ಕೈಗೆ ಗೊತ್ತಾಗಬೇಕಾದ ವಿದ್ಯೆ

ದನಗಳು ಮೇವಿನ ಜೊತೆ ತಂತಿ, ಮೊಳೆ ನುಂಗುತ್ತವೆ. ಭಾರವಾದ ಲೋಹ ಹೋಗಿ ಕೂರುವುದು ಎರಡನೇ ಹೊಟ್ಟೆಯಲ್ಲಿ, ಜೇನುಗೂಡಿನಂತೆ ಕಾಣುವ ಆ ಚಿಕ್ಕ ಚೀಲದಲ್ಲಿ. ಅದಕ್ಕೂ ಹೃದಯಕ್ಕೂ ನಡುವೆ ಇರುವುದು ಎದೆಯನ್ನೂ ಹೊಟ್ಟೆಯನ್ನೂ ಬೇರೆ ಮಾಡುವ ತೆಳು ಪರದೆ, ವಪೆ ಮಾತ್ರ. ಹೊಟ್ಟೆ ಹಿಂಡಿದಾಗ ತಂತಿ ವಪೆಯನ್ನು ತೂರಿ ಹೃದಯದ ಚೀಲಕ್ಕೆ ಚುಚ್ಚುತ್ತದೆ. ದನ ಮೇವು ಬಿಡುತ್ತದೆ, ಮೊಣಕೈ ಹೊರಕ್ಕೆ ಚಾಚಿ ನಿಲ್ಲುತ್ತದೆ, ಇಳಿಜಾರಿನಲ್ಲಿ ನಡೆಯಲು ಹಿಂಜರಿಯುತ್ತದೆ. ತಂತಿ ತೆಗೆಯಬೇಕಾದರೆ ವೈದ್ಯರು ಎಡಗಡೆ ಪಕ್ಕೆಯಲ್ಲಿ ಕುಯ್ದು, ದೊಡ್ಡ ಹೊಟ್ಟೆಯೊಳಗೆ ತೋಳಿನವರೆಗೆ ಕೈ ಹಾಕಿ, ಮುಂದಕ್ಕೆ ತಡಕಿ ಆ ಚೀಲ ಹುಡುಕಬೇಕು. ಕಣ್ಣಿಗೆ ಏನೂ ಕಾಣುವುದಿಲ್ಲ. ಕೈಗೆ ದಾರಿ ಗೊತ್ತಿರಬೇಕು ಅಷ್ಟೇ.

ಇಂಥ ಉದಾಹರಣೆ ಬೇಕಾದಷ್ಟಿವೆ. ಕೋಡಿನ ಕ್ಯಾನ್ಸರ್ ಆದ ಎತ್ತಿನ ಕೋಡು ತೆಗೆಯುವ ಮೊದಲು ಅರಿವಳಿಕೆ ಚುಚ್ಚಬೇಕು. ಕಣ್ಣಿನ ಹೊರತುದಿಗೂ ಕೋಡಿನ ಬುಡಕ್ಕೂ ನಡುವೆ ಮೂಳೆಯ ಅಂಚಿದೆ. ಅದರ ಕೆಳಗೆ ಓಡುವ ನರಕ್ಕೆ ಸೂಜಿ ಸರಿಯಾಗಿ ಬೀಳದಿದ್ದರೆ ಎತ್ತು ನೋವಿನಲ್ಲೇ ಕೋಡು ಕಳೆದುಕೊಳ್ಳುತ್ತದೆ. ಕೃತಕ ಗರ್ಭಧಾರಣೆಯಲ್ಲಿ ಒಂದು ಕೈ ಗುದದ್ವಾರದಿಂದ ಒಳಗೆ ಹೋಗಿ ಗರ್ಭಕೊರಳನ್ನು ಹಿಡಿಯಬೇಕು. ಇನ್ನೊಂದು ಕೈ ವೀರ್ಯದ ಗನ್ನನ್ನು ಅದರ ಮೂರು ನಾಲ್ಕು ಉಂಗುರಗಳನ್ನು ದಾಟಿಸಬೇಕು. ಹೆಣ್ಣುನಾಯಿಗೆ ಸಂತಾನಹರಣ ಮಾಡುವಾಗ ಅಂಡಾಶಯದ ರಕ್ತನಾಳಕ್ಕೆ ಕಟ್ಟಿದ ಗಂಟು ಜಾರಿದರೆ ಹೊಟ್ಟೆಯೊಳಗೇ ರಕ್ತ ಸೋರಿ ನಾಯಿ ಸಾಯಬಹುದು.

ಅಂಗರಚನಾ ಶಾಸ್ತ್ರದ ಅಧ್ಯಾಪಕರ ವಾದದ ತಿರುಳು ಇದೇ. ಎಂಬಿಬಿಎಸ್ ಓದಿದವರಿಗೆ ಒಂದೇ ದೇಹ. ಪಶುವೈದ್ಯರಿಗೆ ಹತ್ತಾರು. ಅದರ ಮೇಲೆ ಇವರ ರೋಗಿಗಳು ಎಲ್ಲಿ ನೋವು ಎಂದು ಹೇಳುವುದಿಲ್ಲ. ಹಳ್ಳಿಯ ಕೊಟ್ಟಿಗೆಯಲ್ಲಿ ಸ್ಕ್ಯಾನಿಂಗ್ ಮೆಷಿನ್ ಇರುವುದೂ ಅಪರೂಪ. ಸತ್ತ ದೇಹದ ಮೇಲೆ ತಪ್ಪು ಮಾಡಲು ಬಿಡದಿದ್ದರೆ, ಮೊದಲ ತಪ್ಪು ಆಗುವುದು ಬದುಕಿರುವ ದನದ ಮೇಲೆ, ಯಾರೋ ರೈತನ ಮನೆಯಲ್ಲಿ.

ಮೇಜಿನ ಮೇಲಿನ ಕರು ಎಲ್ಲಿಂದ ಬಂತು?

ಇಲ್ಲಿಂದ ಮುಂದೆ ಮಾತು ಅಷ್ಟು ಹಿತವಾಗಿಲ್ಲ. ಭಾರತದ ಪಶುವೈದ್ಯ ಕಾಲೇಜುಗಳಲ್ಲಿ ಡಿಸೆಕ್ಷನ್‌ಗೆ ಹೆಚ್ಚಾಗಿ ಬಳಕೆಯಾಗಿರುವುದು ಎಮ್ಮೆಯ ಗಂಡು ಕರು. ಕಾರಣ ಹಾಲಿನ ಲೆಕ್ಕಾಚಾರ. ಹೆಣ್ಣು ಕರು ಮುಂದೆ ಕರೆಯುತ್ತದೆ. ಗಂಡು ಕರುವಿಗೆ ಉಳುಮೆಯ ಕೆಲಸವೂ ಈಗಿಲ್ಲ, ಟ್ರ್ಯಾಕ್ಟರ್ ಬಂದಿದೆ. ಹಾಗಾಗಿ ಅದು ಅಗ್ಗಕ್ಕೆ ಸಿಗುತ್ತದೆ. ಗಾತ್ರವೂ ಮೇಜಿಗೆ ಸರಿಹೊಂದುತ್ತದೆ.

ಪಠ್ಯಕ್ರಮದ ಹಳೆಯ ವಿಧಾನ ಹೀಗಿದೆ. ಕರುವಿಗೆ ಅರಿವಳಿಕೆ ಕೊಟ್ಟು, ಕುತ್ತಿಗೆಯ ದೊಡ್ಡ ರಕ್ತನಾಳದಿಂದ ರಕ್ತ ಹರಿಸಿ, ಅದೇ ನಾಳದ ಮೂಲಕ, ದೇಹ ಕೊಳೆಯದಂತೆ ಕಾಯುವ ಫಾರ್ಮಲಿನ್ ದ್ರಾವಣ ತುಂಬುತ್ತಾರೆ. ಹೃದಯ ಇನ್ನೂ ಬಡಿಯುತ್ತಿರುವಾಗ ರಕ್ತ ಚೆನ್ನಾಗಿ ಬಸಿದುಹೋಗುತ್ತದೆ, ದ್ರಾವಣ ಮೂಲೆ ಮೂಲೆಗೂ ತಲುಪುತ್ತದೆ. ತಂತ್ರದ ದೃಷ್ಟಿಯಿಂದ ಇದು ಒಳ್ಳೆಯ ಕಳೇಬರ. ಆದರೆ ಆ ಕರು ಪಾಠಕ್ಕಾಗಿಯೇ ಸತ್ತಿತು ಎನ್ನುವುದನ್ನು ಮುಚ್ಚಿಡಲು ಆಗುವುದಿಲ್ಲ.

ಪ್ರಾಣಿದಯಾ ಸಂಘಟನೆಗಳು ಹಿಡಿದಿರುವ ಎಳೆ ಇದು. ಅವರಲ್ಲಿ ಬಹಳಷ್ಟು ಮಂದಿ ಡಿಸೆಕ್ಷನ್ನೇ ಬೇಡ ಎನ್ನುವುದಿಲ್ಲ. ತಾನಾಗಿ ಸತ್ತ ಪ್ರಾಣಿ ಆಗಲಿ, ವಾಸಿಯಾಗದ ಕಾಯಿಲೆಗಾಗಿ ದಯಾಮರಣ ಕೊಟ್ಟ ಪ್ರಾಣಿ ಆಗಲಿ, ಅದರ ದೇಹ ಬಳಸಿ. ಕಲಿಸುವುದಕ್ಕೆಂದು ಕೊಲ್ಲಬೇಡಿ. ಅವರ ಬೇಡಿಕೆ ಇಷ್ಟೇ. ಇದನ್ನು ‘ವಿಜ್ಞಾನ ವಿರೋಧಿ’ ಎಂದು ತಳ್ಳಿಹಾಕುವುದು ಸುಮ್ನೆ ಮಾತು ತಪ್ಪಿಸುವುದಾಗುತ್ತದೆ. ಇನ್ನೊಂದು ಕಡೆ, ತಾನಾಗಿ ಸತ್ತ ಪ್ರಾಣಿಯ ಬಗ್ಗೆ ಅಧ್ಯಾಪಕರಿಗಿರುವ ಅಂಜಿಕೆಯೂ ಸುಳ್ಳಲ್ಲ. ಅದು ಯಾಕೆ ಸತ್ತಿತು ಎಂದು ಗೊತ್ತಿರಬೇಕಲ್ಲ?

ಆಂಥ್ರಾಕ್ಸ್, ನಮ್ಮ ಕಡೆ ನೆರಡಿ ರೋಗ ಎನ್ನುವುದು, ತಗುಲಿ ಸತ್ತ ದನವನ್ನು ಕುಯ್ಯಲೇಬಾರದು ಎನ್ನುವುದು ಪಶುವೈದ್ಯರ ಮೊದಲ ನಿಯಮಗಳಲ್ಲಿ ಒಂದು. ಕುಯ್ದು ಗಾಳಿ ತಾಗಿದರೆ ಆ ಬ್ಯಾಕ್ಟೀರಿಯಾ ಬೀಜಕಣಗಳಾಗಿ ಬದಲಾಗುತ್ತದೆ. ಅವು ಮಣ್ಣಿನಲ್ಲಿ ದಶಕಗಟ್ಟಲೆ ಬದುಕುತ್ತವೆ. ಎಲ್ಲಿಂದಲೋ ಬಂದ ನಾಯಿಯ ದೇಹದಲ್ಲಿ ರೇಬಿಸ್ ಇರಬಹುದು. ದನದಲ್ಲಿ ಕ್ಷಯ, ಕಂದುರೋಗ (ಬ್ರುಸೆಲ್ಲೋಸಿಸ್) ಇರಬಹುದು. ಇವೆಲ್ಲ ಮನುಷ್ಯರಿಗೂ ಹರಡುತ್ತವೆ.

ಗೋಹತ್ಯೆ ಕಾಯ್ದೆ ಬಂದ ಮೇಲೆ

1964ರ ಕಾಯ್ದೆಯ ಜಾಗದಲ್ಲಿ ಕರ್ನಾಟಕ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆ, 2020 ಬಂತು. ಮೊದಲು ಸುಗ್ರೀವಾಜ್ಞೆಯಾಗಿ ಜಾರಿಗೆ ಬಂದದ್ದು 2021ರ ಜನವರಿಯಲ್ಲಿ. ಹಸು, ಕರು, ಹೋರಿ, ಎತ್ತು, ಮತ್ತು 13 ವರ್ಷದೊಳಗಿನ ಎಮ್ಮೆ ಕೋಣಗಳನ್ನು ಕೊಲ್ಲುವಂತಿಲ್ಲ. ಶಿಕ್ಷೆ 3ರಿಂದ 7 ವರ್ಷ ಜೈಲು.

ಅಂದರೆ ಡಿಸೆಕ್ಷನ್ ಹಾಲ್‌ನ ಮಾಮೂಲಿ ಎಮ್ಮೆಕರು ಕಾಯ್ದೆಯ ಒಳಗೇ ಬರುತ್ತದೆ. ಸರ್ಕಾರ ನಡೆಸುವ ಅಥವಾ ಮಾನ್ಯ ಮಾಡಿದ ಸಂಸ್ಥೆಗಳಲ್ಲಿ ಲಸಿಕೆ, ಸೀರಂ, ಪ್ರಯೋಗ, ಸಂಶೋಧನೆಗಳಿಗೆ ವಿನಾಯಿತಿ ಇದೆ. ಆದರೆ ಮೊದಲ ವರ್ಷದ ಹುಡುಗರಿಗೆ ಪ್ರತಿವರ್ಷ ಅದೇ ಪಾಠ ಮಾಡುವುದು ‘ಪ್ರಯೋಗ’ವೇ, ‘ಸಂಶೋಧನೆ’ಯೇ? ಹೌದು ಎಂದೂ ವಾದಿಸಬಹುದು, ಅಲ್ಲ ಎಂದೂ ವಾದಿಸಬಹುದು. ಇಂಥ ಮಸುಕಿನಲ್ಲಿ ಯಾವ ಪ್ರಾಂಶುಪಾಲರಿಗೂ ಧೈರ್ಯವಾಗಿ ಸಹಿ ಹಾಕುವುದು ಕಷ್ಟ.

ಕಾಯ್ದೆಯ ಇನ್ನೊಂದು ಪರಿಣಾಮ ಕಣ್ಣಿಗೆ ಬೀಳುವುದು ಕಡಿಮೆ. ಕೃತಕ ಗರ್ಭಧಾರಣೆ, ಗರ್ಭ ಪರೀಕ್ಷೆ ಕಲಿಯುವವರು ಮೊದಲು ಕೈ ಪಳಗಿಸುವುದು ಕಸಾಯಿಖಾನೆಯಿಂದ ತಂದ ಗರ್ಭಕೋಶಗಳ ಮೇಲೆ. ಅದಕ್ಕಾಗಿ ಯಾವ ಪ್ರಾಣಿಯನ್ನೂ ಬೇರೆಯಾಗಿ ಕೊಲ್ಲಬೇಕಿಲ್ಲ. ಹೇಗಿದ್ದರೂ ಎಸೆಯುವ ಅಂಗ ಅದು. ಈಗ ರಾಜ್ಯದಲ್ಲಿ ಕಾನೂನಿನ ಪ್ರಕಾರ ಸಿಗಬಹುದಾದದ್ದು 13 ದಾಟಿದ ಎಮ್ಮೆಗಳದ್ದು ಮಾತ್ರ. ಹಸುವಿನ ಗರ್ಭಕೊರಳು ಹೇಗಿರುತ್ತದೆ ಎಂದು ಕೈಗೆ ತಿಳಿಸುವ ಸುಲಭದ ದಾರಿ ಮುಚ್ಚಿತು. ಕುರಿ ಮೇಕೆಗಳ ಮೇಲೆ ಈ ನಿರ್ಬಂಧವಿಲ್ಲ. ಅವೂ ಮೆಲುಕು ಹಾಕುವ ಪ್ರಾಣಿಗಳೇ, ಹೊಟ್ಟೆಯ ನಾಲ್ಕು ಕೋಣೆ ಅವಕ್ಕೂ ಇವೆ. ಹೃದಯ, ಶ್ವಾಸಕೋಶ, ಹೊಟ್ಟೆಯ ಪಾಠ ಅವುಗಳಿಂದ ಆದೀತು. ಆದರೆ ಮೇಕೆಯ ಗುದದ್ವಾರದೊಳಗೆ ತೋಳು ಹಾಕಿ ಗರ್ಭ ನೋಡುವುದು ಆಗದ ಮಾತು.

ಫಾರ್ಮಲಿನ್ ಎಂಬ ಇನ್ನೊಂದು ತಲೆನೋವು

ಮಾರುಕಟ್ಟೆಯ ಫಾರ್ಮಲಿನ್‌ನಲ್ಲಿ ಶೇ. 37ರಿಂದ 40ರಷ್ಟು ಫಾರ್ಮಾಲ್ಡಿಹೈಡ್ ಇರುತ್ತದೆ. ಅದಕ್ಕೆ ನೀರು ಬೆರೆಸಿ ಶೇ. 10ರ ದ್ರಾವಣ ಮಾಡಿದರೆ ನಿಜವಾದ ಫಾರ್ಮಾಲ್ಡಿಹೈಡ್ ಶೇ. 4ರ ಆಸುಪಾಸು. ಇಷ್ಟಕ್ಕೇ ಕಣ್ಣು ಉರಿಯುತ್ತದೆ, ಮೂಗು ಸೋರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ಇದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ವಿದ್ಯಾರ್ಥಿ ಅದರ ಹಬೆ ಉಸಿರಾಡುವುದು ಒಂದೆರಡು ವರ್ಷ. ಹಾಲ್‌ನ ಸಹಾಯಕ ಸಿಬ್ಬಂದಿ ನಿವೃತ್ತಿಯವರೆಗೂ. ಅವರ ಬಗ್ಗೆ ಮಾತಾಡುವವರು ಕಡಿಮೆ.

ಇನ್ನೊಂದು ದೋಷವೂ ಇದೆ. ಫಾರ್ಮಲಿನ್ ಹೀರಿದ ಮಾಂಸ ರಬ್ಬರಿನಂತೆ ಬಿಗಿಯಾಗುತ್ತದೆ, ಬಣ್ಣ ಕಂದುತ್ತದೆ. ಹೊಲಿಗೆ ಹಾಕಿ ಕಲಿಯಲು ಅದು ಬರುವುದಿಲ್ಲ. ಆಸ್ಟ್ರಿಯಾದ ಗ್ರಾಜ್ ನಗರದ ವಾಲ್ಟರ್ ಥೀಲ್ 1992ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ದೇಹ ಮೆತ್ತಗೆ, ಬದುಕಿದ್ದಾಗಿನಂತೆಯೇ ಬಾಗುವಂತೆ ಉಳಿಯುತ್ತದೆ. ಗುಂಟರ್ ಫಾನ್ ಹಾಗೆನ್ಸ್ 1977ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ರೂಪಿಸಿದ ಪ್ಲಾಸ್ಟಿನೇಷನ್ ಇನ್ನೊಂದು ದಾರಿ. ಅಂಗದೊಳಗಿನ ನೀರು ಕೊಬ್ಬನ್ನು ಅಸಿಟೋನ್‌ನಿಂದ ತೆಗೆದು, ಆ ಜಾಗಕ್ಕೆ ಸಿಲಿಕೋನ್ ತುಂಬುತ್ತಾರೆ. ವಾಸನೆ ಇಲ್ಲ, ಕೈಗವಸು ಬೇಡ, ವರ್ಷಗಟ್ಟಲೆ ಇಟ್ಟುಕೊಳ್ಳಬಹುದು. ಒಂದು ಹೃದಯ ಹತ್ತು ಬ್ಯಾಚಿಗೆ ಸಾಕು. ಕುಯ್ದು ಕಲಿಯಲು ಮಾತ್ರ ಆಗುವುದಿಲ್ಲ.

ಮಾಡೆಲ್ ಸಾಲದೇ?

ಕೆಲವು ಪಾಠಕ್ಕೆ ಸಾಕು, ಕೆಲವಕ್ಕೆ ಮಾಡೆಲ್ಲೇ ಉತ್ತಮ. ಬ್ರಿಟನ್ನಿನ ಸಾರಾ ಬೇಯ್ಲಿ ರೂಪಿಸಿದ ‘ಹ್ಯಾಪ್ಟಿಕ್ ಕೌ’ ಎಂಬ ಯಂತ್ರದಲ್ಲಿ ವಿದ್ಯಾರ್ಥಿ ಕೈ ಹಾಕಿದರೆ ಗರ್ಭಕೋಶ, ಅಂಡಾಶಯ ಮುಟ್ಟಿದ ಅನುಭವವೇ ಬರುತ್ತದೆ. ಕೈ ಎಲ್ಲಿದೆ ಎಂದು ಅಧ್ಯಾಪಕರಿಗೆ ಪರದೆಯಲ್ಲಿ ಕಾಣುತ್ತದೆ. ಬದುಕಿರುವ ಹಸುವಿನಲ್ಲಿ ಇದು ಸಾಧ್ಯವೇ ಇಲ್ಲ. ಅಲ್ಲಿ ವಿದ್ಯಾರ್ಥಿ ‘ಸಿಕ್ಕಿತು ಸಾರ್’ ಎಂದರೆ ನಂಬಬೇಕಷ್ಟೇ. ಅಮೆರಿಕದ ಸಿನ್‌ಡೇವರ್ ಕಂಪನಿ 2016ರಲ್ಲಿ ಕೃತಕ ನಾಯಿಯನ್ನೇ ಹೊರತಂದಿತು.

ಮಾಡೆಲ್‌ನ ಕೊರತೆ ಬೇರೆ. ಎಲ್ಲ ಮಾಡೆಲ್ಲೂ ಒಂದೇ ಥರ ಇರುತ್ತದೆ. ನಿಜವಾದ ಎರಡು ನಾಯಿಗಳು ಒಂದೇ ಥರ ಇರುವುದಿಲ್ಲ. ಒಂದರಲ್ಲಿ ರಕ್ತನಾಳ ಇಲ್ಲಿ ಕವಲೊಡೆದರೆ ಇನ್ನೊಂದರಲ್ಲಿ ಅಲ್ಲಿ. ಕೊಬ್ಬಿನಡಿ ಹೂತ ಅಂಗವನ್ನು ಹುಡುಕುವ ತಾಳ್ಮೆ ಬರುವುದು ಕೊಬ್ಬು ಇರುವಲ್ಲೇ. ಆದ್ದರಿಂದ ಮೊದಲು ಮಾಡೆಲ್, ಆಮೇಲೆ ಸರಿಯಾದ ಮೂಲದ ಕಳೇಬರ, ಕೊನೆಗೆ ಅನುಭವಿ ವೈದ್ಯರ ಜೊತೆ ನಿಜವಾದ ರೋಗಿ. ಈ ಕ್ರಮ ಒಪ್ಪುವುದಾದರೆ ಕಳೇಬರದ ಅಗತ್ಯ ಪೂರ್ತಿ ಹೋಗುವುದಿಲ್ಲ, ಸಂಖ್ಯೆ ಇಳಿಯುತ್ತದೆ.

ದಾನದ ದಾರಿ

ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯ 1990ರ ದಶಕದಲ್ಲೇ ಸಾಕಿದವರಿಂದ ಪ್ರಾಣಿಗಳ ದೇಹದಾನ ಪಡೆಯಲು ಶುರುಮಾಡಿತು. ಕ್ಯಾಲಿಫೋರ್ನಿಯಾದ ಪೊಮೊನಾದಲ್ಲಿರುವ ವೆಸ್ಟರ್ನ್ ವಿಶ್ವವಿದ್ಯಾಲಯದ ಪಶುವೈದ್ಯ ಕಾಲೇಜು 2003ರಲ್ಲಿ ಪಾಠ ಆರಂಭಿಸಿದಾಗಲೇ, ಕಲಿಕೆಗಾಗಿ ಪ್ರಾಣಿ ಕೊಲ್ಲುವುದಿಲ್ಲ ಎಂದು ತೀರ್ಮಾನಿಸಿತ್ತು. ಆಸ್ಪತ್ರೆಯಲ್ಲಿ ಸತ್ತ ನಾಯಿ, ಬೆಕ್ಕುಗಳ ದೇಹ ಮಾಲೀಕರ ಒಪ್ಪಿಗೆಯ ಮೇಲೆ ಬರುತ್ತದೆ. ಏನು ಕಾಯಿಲೆ ಇತ್ತು, ಏನು ಔಷಧಿ ಕೊಟ್ಟಿದ್ದರು ಎಂಬ ದಾಖಲೆಯೂ ಜೊತೆಗಿರುತ್ತದೆ. ಗೊತ್ತಿಲ್ಲದ ಕಳೇಬರದ ಭಯಕ್ಕೆ ಇಲ್ಲಿ ಉತ್ತರ ಸಿಕ್ಕಿತು. ಅಷ್ಟೇ ಅಲ್ಲ, ಮುದಿ ನಾಯಿಯ ಹೃದಯ ನಿಜವಾಗಿ ಹೇಗೆ ಕೆಡುತ್ತದೆ ಎನ್ನುವುದನ್ನೂ ವಿದ್ಯಾರ್ಥಿ ನೋಡುತ್ತಾನೆ. ಕೊಂಡು ತಂದ ಆರೋಗ್ಯವಂತ ಕರುವಿನಲ್ಲಿ ಅದು ಕಾಣುವುದಿಲ್ಲ.

ನಮ್ಮಲ್ಲಿ ಇದಕ್ಕೆ ಜನ ಒಪ್ಪುತ್ತಾರೆಯೇ? ಮನುಷ್ಯರ ದೇಹದಾನದ ಕತೆ ನೋಡಿ. 1957ರಿಂದಲೇ ರಾಜ್ಯದಲ್ಲಿ ಅನಾಟಮಿ ಕಾಯ್ದೆ ಇದೆ. ಆದರೂ ಹಿಂಜರಿಕೆ ಬಹಳ ಇತ್ತು. 2010ರಲ್ಲಿ ಬೆಳಗಾವಿಯ ಡಾ. ಮಹಾಂತೇಶ ರಾಮಣ್ಣವರ ತಮ್ಮ ತಂದೆಯ ಇಚ್ಛೆಯಂತೆ ಅವರ ದೇಹವನ್ನು ವಿದ್ಯಾರ್ಥಿಗಳ ಮುಂದೆ ತಾವೇ ಛೇದಿಸಿದಾಗ ನಾಡೆಲ್ಲ ಬೆರಗಾಗಿತ್ತು. ಇಂದು ಉತ್ತರ ಕರ್ನಾಟಕದಲ್ಲಿ ದೇಹದಾನದ ಮಾತು ಹೊಸದೇನಲ್ಲ. ಸಾಕಿದ ನಾಯಿಗೆ ಹೂವಿಟ್ಟು ಮಣ್ಣು ಮಾಡುವವರು ಎಲ್ಲರೂ ಒಪ್ಪಲಿಕ್ಕಿಲ್ಲ. ಕೇಳಿದರೆ ಕೆಲವರಾದರೂ ಒಪ್ಪಬಹುದು. ಮನುಷ್ಯರ ದೇಹಕ್ಕೆ ಇರುವಂಥ ಕಾಯ್ದೆ, ಅರ್ಜಿ, ಕ್ರಮ ಪ್ರಾಣಿಗಳ ದೇಹಕ್ಕೂ ಬೇಕು.

ಬೆಲೆ ಕಟ್ಟಿದರೆ ಏನಾಗುತ್ತದೆ?

ಬೀದಿನಾಯಿಯ ಪ್ರಶ್ನೆಗೆ ಬರೋಣ. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್, ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದಂಥ ಜಾಗಗಳಿಂದ ನಾಯಿಗಳನ್ನು ಹಿಡಿದು ಆಶ್ರಯ ಕೇಂದ್ರಕ್ಕೆ ಸೇರಿಸಬೇಕು, ಅಲ್ಲಿಗೇ ವಾಪಸ್ ಬಿಡಬಾರದು ಎಂದಿತು. ಹೀಗೆ ಕೂಡಿಟ್ಟ ನಾಯಿಗಳಲ್ಲಿ ಸಾವು ಇದ್ದೇ ಇರುತ್ತದೆ. ಆ ದೇಹಗಳು ಕಾಲೇಜಿಗೆ ಹೋದರೆ ತಪ್ಪೇನು?

ರೇಬಿಸ್ ಪರೀಕ್ಷೆ ಆಗಿದ್ದರೆ, ಹಣದ ವ್ಯವಹಾರ ಇಲ್ಲದಿದ್ದರೆ ತಪ್ಪಿಲ್ಲ. ಆ ಎರಡನೇ ಷರತ್ತು ಬಹಳ ಮುಖ್ಯ. 1965ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಮನೆಯಿಂದ ‘ಪೆಪ್ಪರ್’ ಎಂಬ ಡಾಲ್ಮೇಷನ್ ನಾಯಿ ಕಾಣೆಯಾಯಿತು. ದಲ್ಲಾಳಿಗಳ ಕೈ ಬದಲಾಗಿ ಕೊನೆಗೆ ನ್ಯೂಯಾರ್ಕಿನ ಆಸ್ಪತ್ರೆಯೊಂದರ ಪ್ರಯೋಗದಲ್ಲಿ ಸತ್ತಿತು. ಪ್ರಯೋಗಾಲಯಗಳು ನಾಯಿಗೆ ದುಡ್ಡು ಕೊಡುತ್ತಿದ್ದವು. ಅದಕ್ಕೇ ಕದಿಯುವವರು ಹುಟ್ಟಿಕೊಂಡಿದ್ದರು. ಜನರ ಸಿಟ್ಟಿನ ಫಲವಾಗಿ 1966ರಲ್ಲಿ ಅಲ್ಲಿ ಪ್ರಯೋಗಾಲಯದ ಪ್ರಾಣಿಗಳ ಕಲ್ಯಾಣಕ್ಕಾಗಿ ಮೊದಲ ಕೇಂದ್ರ ಕಾಯ್ದೆ ಬಂತು. ಕಳೇಬರಕ್ಕೆ ಬೆಲೆ ಬಂದರೆ ಸಾವಿಗೂ ಬೆಲೆ ಬರುತ್ತದೆ. ಆಶ್ರಯ ಕೇಂದ್ರಕ್ಕೆ ಒಂದು ಸತ್ತ ನಾಯಿಯಿಂದ ಐನೂರು ರೂಪಾಯಿ ಸಿಗುತ್ತದೆ ಎಂದಿಟ್ಟುಕೊಳ್ಳಿ. ಕಾಯಿಲೆ ಬಿದ್ದ ನಾಯಿಗೆ ಔಷಧಿ ಹಾಕುವ ಉತ್ಸಾಹ ಎಷ್ಟು ದಿನ ಉಳಿದೀತು?

ಇಲ್ಲಿ ಒಂದು ವಿಚಿತ್ರವೂ ಇದೆ. ಬೀದಿನಾಯಿ ಸಮಸ್ಯೆಗೆ ಎಲ್ಲರೂ ಹೇಳುವ ಉತ್ತರ ಸಂತಾನಹರಣ. ಅದಕ್ಕೆ ಕೈ ಪಳಗಿದ ವೈದ್ಯರು ಸಾವಿರಗಟ್ಟಲೆ ಬೇಕು. ಅವರು ಮೊದಲ ಗಂಟು ಕಟ್ಟಲು ಕಲಿಯುವುದು ಯಾವ ದೇಹದ ಮೇಲೆ?

ಸತ್ತ ದನ ಕಾಲೇಜಿಗೆ ತಲುಪುವುದು ಹೇಗೆ?

2019ರ ಜಾನುವಾರು ಗಣತಿ ಪ್ರಕಾರ ದೇಶದಲ್ಲಿ ದನಗಳು 19 ಕೋಟಿಗೂ ಜಾಸ್ತಿ, ಎಮ್ಮೆಗಳು ಸುಮಾರು 11 ಕೋಟಿ. ಅಂದರೆ ಪ್ರತಿದಿನ ಸಾಯುವ ದನಗಳಿಗೆ ಬರವಿಲ್ಲ. ಕಾಲೇಜುಗಳಿಗೆ ಮಾತ್ರ ಕಳೇಬರದ ಬರ.

ಮೊದಲ ಅಡ್ಡಿ ಹೊತ್ತು. ಮೆಲುಕು ಹಾಕುವ ಪ್ರಾಣಿ ಸತ್ತ ಮೇಲೂ ಹೊಟ್ಟೆಯೊಳಗಿನ ಮೇವು ಹುಳಿಯುತ್ತಲೇ ಇರುತ್ತದೆ. ಗಾಳಿ ತುಂಬಿ ದೇಹ ಊದಿಕೊಳ್ಳುತ್ತದೆ. ಬೀದರ್, ಕಲಬುರಗಿಯ ಬೇಸಿಗೆಯಲ್ಲಿ ಕೆಲವೇ ಗಂಟೆಗಳಲ್ಲಿ ಅದು ಪಾಠಕ್ಕೆ ಬಾರದಂತಾಗುತ್ತದೆ. ಮುನ್ನೂರು ನಾನೂರು ಕೆಜಿ ದೇಹ ಎತ್ತಲು ಕ್ರೇನ್ ಬೇಕು, ಇಡಲು ಶೀತಲ ಕೋಣೆ ಬೇಕು.

ಎರಡನೆಯದು ಅಂಜಿಕೆ. ಸತ್ತ ದನ ಸಾಗಿಸುವ ಕೆಲಸವನ್ನು ನಮ್ಮ ಸಮಾಜ ಕೆಲವು ಜಾತಿಗಳ ತಲೆಗೆ ಕಟ್ಟಿತ್ತು. ಅದನ್ನು ಮಾಡಿದ್ದಕ್ಕೇ ಹೊಡೆದ ಉದಾಹರಣೆಯೂ ಇದೆ. 2016ರ ಜುಲೈನಲ್ಲಿ ಗುಜರಾತಿನ ಊನಾದಲ್ಲಿ ಸತ್ತ ಹಸುವಿನ ಚರ್ಮ ಸುಲಿಯುತ್ತಿದ್ದ ದಲಿತ ಯುವಕರನ್ನು ಕಟ್ಟಿ ಥಳಿಸಿದರು. ತಾನಾಗಿ ಸತ್ತ ಹಸುವನ್ನು ಟೆಂಪೋದಲ್ಲಿ ಕಾಲೇಜಿಗೆ ಒಯ್ಯುವ ಚಾಲಕನ ಕೈಯಲ್ಲಿ ಪಶುವೈದ್ಯಾಧಿಕಾರಿಯ ಸಹಿ, ಸಾವಿನ ಕಾರಣ, ಕಾಲೇಜಿನ ಪತ್ರ ಮೂರೂ ಇರಬೇಕು. ಇಲ್ಲದಿದ್ದರೆ ಯಾರೂ ಆ ಬಾಡಿಗೆಗೆ ಬರುವುದಿಲ್ಲ, ಬರಲೂಬಾರದು.

ಹೀಗಾಗಿ ಶುರು ಮಾಡಲು ಸುಲಭದ ಜಾಗ ಕಾಲೇಜಿನ ಆಸ್ಪತ್ರೆಯೇ. 1958ರಲ್ಲಿ ಶುರುವಾದ ಹೆಬ್ಬಾಳದ ಕಾಲೇಜು ಇರಲಿ, ಬೀದರ್, ಶಿವಮೊಗ್ಗ, ಹಾಸನದ ಕಾಲೇಜುಗಳಿರಲಿ, ಪಾಠದ ಜೊತೆ ಆಸ್ಪತ್ರೆಯೂ ಇರುತ್ತದೆ. ಅಲ್ಲಿ ಸತ್ತ ಪ್ರಾಣಿಯ ಕಾಯಿಲೆ ಗೊತ್ತು, ಮಾಲೀಕರು ಎದುರಿಗೇ ಇರುತ್ತಾರೆ, ಡಿಸೆಕ್ಷನ್ ಹಾಲ್ ಕೂಗಳತೆಯಲ್ಲಿದೆ. ಕರು, ಮೇಕೆ, ನಾಯಿಗಳ ಮಟ್ಟಿಗೆ ಇದು ದೊಡ್ಡ ಖರ್ಚಿನ ಬಾಬತ್ತೂ ಅಲ್ಲ.

ಇದಾಗದಿದ್ದರೆ ಮುಂದೇನು ಎಂದು ಊಹಿಸುವುದು ಕಷ್ಟವಲ್ಲ. ಹೊಸ ಕಾಲೇಜುಗಳು ಬಂದಂತೆ ಸೀಟು ಏರುತ್ತದೆ, ಒಂದು ಕರುವಿನ ಸುತ್ತ ನಿಲ್ಲುವವರೂ ಏರುತ್ತಾರೆ. ಮುಂದಿನ ಸಾಲಿನವರು ಕುಯ್ಯುತ್ತಾರೆ, ಹಿಂದಿನವರು ಫೋನಿನಲ್ಲಿ ಫೋಟೊ ತೆಗೆಯುತ್ತಾರೆ. ಕೆಲವು ಕಡೆ ಸದ್ದಿಲ್ಲದೆ ಕೊಂಡು ತರುವುದು ಮುಂದುವರಿಯಬಹುದು. ಕೆಲವು ಕಡೆ ವಿಡಿಯೊ ತೋರಿಸಿ ಮುಗಿಸಬಹುದು. ಎರಡರ ಬೆಲೆಯನ್ನೂ ಕೊಡುವುದು ಪ್ರಾಣಿಯೇ. ಒಂದರಲ್ಲಿ ಮೇಜಿನ ಮೇಲೆ, ಇನ್ನೊಂದರಲ್ಲಿ ಕೊಟ್ಟಿಗೆಯಲ್ಲಿ.

ಹಳ್ಳಿಗಳ ಮಟ್ಟಿಗೂ ಒಂದು ಎಳೆ ಆಗಲೇ ಇದೆ. ವಿಮೆ ಮಾಡಿಸಿದ ಹಸು ಸತ್ತರೆ ರೈತ ಮೊದಲು ಫೋನ್ ಮಾಡುವುದು ಪಶುವೈದ್ಯರಿಗೆ. ಅವರು ಬಂದು ಮರಣೋತ್ತರ ಪರೀಕ್ಷೆ ಮಾಡಿ, ಕಿವಿಯೋಲೆಯ 12 ಅಂಕಿಯ ಸಂಖ್ಯೆ ನೋಡಿ, ಸಾವಿನ ಕಾರಣ ಬರೆದುಕೊಡುತ್ತಾರೆ. ಒಂದು ಅಂಗ ಅಥವಾ ತಲೆಬುರುಡೆ ಪಾಠಕ್ಕೆ ಬರುತ್ತದೆಯೇ ಎಂದು ನೋಡಬಲ್ಲವರು ಅವರೇ, ಕೇಳಬಲ್ಲವರೂ ಅವರೇ. ಆ ಫಾರಂನಲ್ಲಿ ಸದ್ಯಕ್ಕೆ ಬೇಕಾಗಿರುವುದು ಒಂದು ಸಾಲು: ಕಲಿಕೆಗೆ ಕೊಡಲು ಮಾಲೀಕರ ಒಪ್ಪಿಗೆ ಇದೆಯೇ, ಇಲ್ಲವೇ.